ಲಕ್ಷುರಿ ಬಸ್ಸಿನ ನಾಲ್ಕು ಗಳ, ಒಂದು ಗೋಣಿತಾಟು

ಸೊಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗಲೇ, ಶೇಂಗಾ ಕಿತ್ತ ಹೊಲಗಳ ನಡುವೆ ಬಸ್ಸು ನಿಲ್ಲುತ್ತದೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಜಗಳೂರು ಸೀಮೆಯ ಬಟಾಬಯಲು. ಕಣ್ಣು ಹಾಯುವಷ್ಟು ದೂರಕ್ಕೂ ಒಂದು ಮರವಿಲ್ಲ, ಒಂದು ಪೊದೆಯಿಲ್ಲ. ಮುಂದಿನ ಬಾಗಿಲಿನಿಂದ ಗಂಡಸರು ಆಕಳಿಸುತ್ತಾ ಇಳಿದು, ರಸ್ತೆಯ ಆಚೆ ಬದಿಗೆ ಹೋಗಿ, ಬೆನ್ನು ತಿರುಗಿಸಿ ನಿಂತು, ಮುಗಿಸಿ, ಬೀಡಿ ಹಚ್ಚುತ್ತಾರೆ. ಅವರಿಗೆ ಇಡೀ ಭೂಮಂಡಲವೇ ಬಚ್ಚಲು.

ಹಿಂದಿನ ಬಾಗಿಲಿನಿಂದ ಇಳಿಯುವವರು ನ್ಯಾಮತಿಯ ತಾಜ್‌ಬೀ. ವಯಸ್ಸು ಐವತ್ತು ದಾಟಿದೆ. ತಲೆಯ ಮೇಲಿನ ಸೆರಗನ್ನು ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಬಸ್ಸಿನ ಏಣಿ ಹತ್ತಿ, ಮೇಲಿನಿಂದ ನಾಲ್ಕು ಬಿದಿರಿನ ಗಳಗಳನ್ನೂ ಸುತ್ತಿಟ್ಟ ಗೋಣಿತಾಟನ್ನೂ ಕೆಳಗೆ ಬಿಡುತ್ತಾರೆ. ಇಳಿದು ಬಂದ ಕೂಡಲೇ ಡ್ರೈವರಿಗೆ ತಾಕೀತು ಮಾಡುತ್ತಾರೆ: "ದೀಪ ಆರಿಸ್ರಿ ಅಣ್ಣಾ." ಆಮೇಲೆ ರಸ್ತೆಯಿಂದ ಒಂದಿಷ್ಟು ದೂರ ನಡೆದು, ತಾವೇ ಕುಕ್ಕರುಗಾಲಲ್ಲಿ ಕೂತು ರಸ್ತೆಯ ಕಡೆ ನೋಡುತ್ತಾರೆ. ದಾರಿಯಲ್ಲಿ ಹಾದುಹೋಗುವ ಲಾರಿಯವನು ಎತ್ತರದಲ್ಲಿ ಕೂತಿರುತ್ತಾನೆ, ಅವನ ಕಣ್ಣಿಗೆ ಏನೇನು ಬೀಳುತ್ತದೆ ಎಂದು ನೋಡುವುದು ಅದು. ಜಾಗ ಒಪ್ಪಿಗೆಯಾದರೆ ಕೋಲಿನಿಂದ ನೆಲ ಬಡಿಯುತ್ತಾರೆ, ಹಾವು ಚೇಳು ಇದ್ದರೆ ಸರಿದುಹೋಗಲಿ ಎಂದು. ಗಳದ ತುದಿಗೆ ಕಮ್ಮಾರ ಕೂರಿಸಿಕೊಟ್ಟ ಕಬ್ಬಿಣದ ಮೊನೆ ಇದೆ. ಕಲ್ಲಿನಿಂದ ಕುಟ್ಟಿದರೆ ನೆಲಕ್ಕೆ ಇಳಿಯುತ್ತದೆ. ಸುತ್ತ ತಾಟು ಕಟ್ಟಿ, ಒಳಗೆ ಸಲಿಕೆಯಿಂದ ಗುಂಡಿ ತೋಡಿ, ನೀರಿನ ಕೊಡ, ಚೊಂಬು ಇಟ್ಟು, ಬಸ್ಸಿನ ಕಡೆ ತಿರುಗಿ ಕೂಗುತ್ತಾರೆ: "ಬರ್ರಿ ಅಕ್ಕಾರೆ, ಜಾಗ ಆತು."

ಕಿಟಕಿಯ ಪರದೆಗಳ ಹಿಂದೆ ತುಟಿ ಕಚ್ಚಿಕೊಂಡು ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಚನ್ನಗಿರಿಯ ಕಸ್ತೂರಮ್ಮನವರಿಗೆ ಮಂಡಿ ನೋವು, ಕೆಳಗೆ ಕೂರಲು ಆಗುವುದಿಲ್ಲ. ಅವರಿಗಾಗಿ ತಾಜ್‌ಬೀ ಹಳೆಯ ಬೆತ್ತದ ಕುರ್ಚಿಯೊಂದರ ಬೆತ್ತವನ್ನೆಲ್ಲ ಕಿತ್ತು, ಬರೀ ಚೌಕಟ್ಟನ್ನು ಉಳಿಸಿಕೊಂಡಿದ್ದಾರೆ. ಅದನ್ನು ಗುಂಡಿಯ ಮೇಲಿಟ್ಟು, ಅಜ್ಜಿಯ ರಟ್ಟೆ ಹಿಡಿದು ಕೂರಿಸಿ, ಮುಖ ಬೇರೆ ಕಡೆ ತಿರುಗಿಸಿ ನಿಲ್ಲುತ್ತಾರೆ. ಅಷ್ಟರಲ್ಲಿ ಡ್ರೈವರು ಹಾರ್ನ್ ಬಾರಿಸುತ್ತಾನೆ. ಬೀಡಿ ಮುಗಿದವರು ಯಾರೋ "ಇನ್ನೂ ಆಗ್ಲಿಲ್ವೇನ್ರೀ?" ಎಂದು ನಗುತ್ತಾರೆ. ತಾಜ್‌ಬೀ ತಾಟಿನ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟು ಹೇಳುತ್ತಾರೆ: "ಹಾರ್ನ್ ಹೊಡದ್ರೆ ಬೇಗ ಬರ್ತೈತೇನಪ್ಪಾ? ಹೊಟ್ಟೆ ಏನು ನಿನ್ನ ಇಂಜಿನ್ನಾ?"

ಎಲ್ಲರೂ ಬಸ್ಸು ಹತ್ತಿದ ಮೇಲೆ ಗುಂಡಿಗೆ ಡಬ್ಬಿಯಿಂದ ಬೂದಿ ಸುರಿದು, ಮಣ್ಣು ಎಳೆದು, ಕಾಲಿನಿಂದ ತುಳಿದು ಸಮ ಮಾಡುತ್ತಾರೆ. ಗಳ ಕಿತ್ತು, ತಾಟು ಸುತ್ತಿ, ಮತ್ತೆ ಏಣಿ ಹತ್ತುತ್ತಾರೆ. ದಿನಕ್ಕೆ ಐದಾರು ಕಡೆ ಈ ಕೆಲಸ ನಡೆಯುತ್ತದೆ. ಮಳೆ ಬಂದರೂ, ಬಿಸಿಲಿದ್ದರೂ, ಡೆಲ್ಲಿಯ ಹತ್ತಿರ ಮಂಜು ಬಿದ್ದು ಕೈ ಮರಗಟ್ಟಿದರೂ ನಡೆಯುತ್ತದೆ.

ಈ ಬಸ್ಸಿನ ಬಗ್ಗೆ ಬರೆಯಲೆಂದೇ ನನ್ನನ್ನು ಕಳಿಸಿದ್ದು ನಿಜ. ಆದರೆ ನಮ್ಮ ಸಂಪಾದಕರು ಕೇಳಿದ್ದು ಬೇರೆ. "ನಮ್ಮ ಕಡೆಯವರೂ ಈಗ ಲಕ್ಷುರಿ ಬಸ್ಸಿನಲ್ಲಿ ಆಗ್ರಾ, ಡೆಲ್ಲಿ, ಜೈಪುರ ನೋಡುತ್ತಿದ್ದಾರೆ, ವೀಡಿಯೋ ಕೋಚ್ ಬಂದಿದೆ, ಭಾನುವಾರದ ಪುರವಣಿಗೆ ಚೆನ್ನಾಗಿ ಒಂದು ಲೇಖನ ಮಾಡಿ" ಎಂದರು. ಮಾಡುತ್ತಿದ್ದೇನೆ. ಬಸ್ಸಿನ ಕಂಪನಿಯ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಅವರಿಗೆ ಪುಕ್ಕಟೆ ಜಾಹೀರಾತು ಆಗುತ್ತದೆ. ಚನ್ನಗಿರಿಯಲ್ಲಿ ಅವರ ಆಫೀಸು ಇದೆ. ಅಡಿಕೆ ಮಂಡಿಯವರು, ತೋಟದವರು, ಹೊನ್ನಾಳಿ, ನ್ಯಾಮತಿಯ ಜವಳಿ ವ್ಯಾಪಾರದವರು, ಜಗಳೂರಿನ ಒಂದೆರಡು ಮೇಷ್ಟ್ರ ಸಂಸಾರದವರು, ಇವರೇ ಅದರ ಗಿರಾಕಿಗಳು.

ಆ ಕಂಪನಿ ಹಂಚುವ ಬಣ್ಣದ ಹಾಳೆ ನನ್ನ ಮುಂದಿದೆ. ಹಿಂದಕ್ಕೆ ಬಾಗುವ ಮೆತ್ತನೆ ಸೀಟು, ಕಿಟಕಿಗೆ ಮಖಮಲ್ ಪರದೆ, ತಲೆಯ ಮೇಲೆ ಪುಟ್ಟ ಫ್ಯಾನು, ಸಂಜೆ ಬಾದಾಮಿ ಹಾಲು, ಹತ್ತುವಾಗ ಪನ್ನೀರು. ಹಂಪಿ, ಬಿಜಾಪುರದಿಂದ ಹಿಡಿದು ಡೆಲ್ಲಿಯ ಕೋಟೆಯವರೆಗೆ ರಾಜಮಹಾರಾಜರ ಊರುಗಳ ದೊಡ್ಡ ಪಟ್ಟಿಯೇ ಇದೆ. ನಲವತ್ತು ಸೀಟಿನ ಬಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಅವರು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಈ ಹಾಳೆಯಲ್ಲಿ ಹಿಂದೆ ಮುಂದೆ ಎಲ್ಲಿ ಹುಡುಕಿದರೂ ಇಲ್ಲ. ಹೆಂಡತಿಯ ಗೋರಿಗೆ ಒಬ್ಬ ಬಾದಷಹ ಅಮೃತಶಿಲೆ ಹೊರಿಸಿದನಂತೆ. ಅದನ್ನು ನೋಡಲು ಹೊರಟ ಹೆಂಡತಿಯರಿಗೆ ದಾರಿಯಲ್ಲಿ ಒಂದು ತಡಿಕೆ ಕಟ್ಟಿಸಬೇಕೆಂದು ಈ ಬಸ್ಸಿನವರಿಗೆ ಹೊಳೆಯಲಿಲ್ಲ.

ಹೊಳೆದದ್ದು ತಾಜ್‌ಬೀಯ ಗಂಡ ಬುಡನ್‌ಸಾಬರಿಗೆ. ಎಪ್ಪತ್ತೈದನೇ ಇಸವಿಯ ಆಸುಪಾಸು, ಕಂಪನಿಯ ಹಳೆಯ ಬಸ್ಸಿಗೆ ಅವರು ಕ್ಲೀನರ್ ಆಗಿದ್ದರು. ಮೊದಲ ಪ್ರವಾಸ ಮುಗಿಸಿ ನ್ಯಾಮತಿಗೆ ಬಂದವರು ಊಟಕ್ಕೆ ಕೂತು, ತುತ್ತು ಎತ್ತಲಿಲ್ಲವಂತೆ. ತಾಜ್‌ಬೀ ಆ ದಿನವನ್ನು ನೆನೆಯುತ್ತಾರೆ: "ಏನಾತು ಅಂದೆ. 'ಹೆಣ್ಣುಮಕ್ಳು ಹಗಲೆಲ್ಲ ತುಟಿ ಒದ್ದೆ ಮಾಡಂಗಿಲ್ಲ ಕಣೇ. ಕತ್ಲಾಗ್ಲಿ ಅಂತ ಕಾಯ್ತಾವೆ. ಒಬ್ಬಾಕಿ ಕಣ್ಣಾಗೆ ನೀರು ತಕ್ಕೊಂಡು ಕೂತಿದ್ಲು, ನೋಡಾಕೆ ಆಗ್ಲಿಲ್ಲ' ಅಂದ್ರು. ನಾನು ಅವತ್ತೇ ಗೋಣಿಚೀಲ ಬಿಚ್ಚಿ ತಾಟು ಹೊಲಿಯಾಕೆ ಕೂತೆ."

ತಾಟು ಹೊಲಿಯುವುದು ಅವರ ತವರಿನ ಕೆಲಸ. ತಾಜ್‌ಬೀಯ ತಂದೆಯದು ಬಾಡಿಗೆ ಗಾಡಿ. ಮದುವೆಗೋ ಉರುಸಿಗೋ ಹೊರಟ ಮನೆತನಸ್ಥ ಹೆಂಗಸರನ್ನು ಕೂರಿಸಿಕೊಂಡು ಹೋಗುವಾಗ ಗಾಡಿಯ ಸುತ್ತ ಪರದೆ ಕಟ್ಟುವುದು ರೂಢಿ. ತೆಳ್ಳನೆ ಬಟ್ಟೆಯಾದರೆ ಬೆಳಕಿಗೆ ನೆರಳು ಮೂಡುತ್ತದೆ, ಗಾಳಿಗೆ ಹಾರುತ್ತದೆ. ಗೋಣಿ ಭಾರ, ಬಿಗಿ. ಬುಡನ್‌ಸಾಬರು ಎರಡನೇ ಪ್ರವಾಸಕ್ಕೆ ಹೆಂಡತಿ ಹೊಲಿದ ತಾಟನ್ನು ಒಯ್ದು, ಕಂಡಕಂಡಲ್ಲಿ ಕಟ್ಟಿ, ಪಕ್ಕದಲ್ಲಿ ಕಾವಲು ನಿಂತರು. ಒಬ್ಬ ಹೆಂಗಸೂ ಇಳಿಯಲಿಲ್ಲ. ಗಂಡಸು ಕಾವಲು ನಿಂತ ಮರೆಗೆ ಯಾವ ಹೆಂಗಸು ಹೋಗುತ್ತಾಳೆ? ತಾಟು ಯಾರಿಗೂ ಮರೆಯಾಗದೆ ವಾಪಸ್ ಬಂತು. ಮೂರನೇ ಪ್ರವಾಸಕ್ಕೆ ತಾಜ್‌ಬೀಯೇ ಹೊರಟರು.

ಸಂಬಳದ ಲೆಕ್ಕದಲ್ಲಿ ಅವರನ್ನು ಅಡುಗೆಯವನ ಕೈಕೆಳಗಿನ ಆಳು ಎಂದು ಸೇರಿಸಿಕೊಂಡರು. ಆ ಕೆಲಸಕ್ಕೆ ಬೇರೆ ಹೆಸರು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಮೊದಮೊದಲು ಬಸ್ಸಿನ ಹೆಂಗಸರು ಅವರ ಕೊಡದ ನೀರನ್ನೂ ಮುಟ್ಟುತ್ತಿರಲಿಲ್ಲ, ತಮ್ಮ ತಮ್ಮ ಚೊಂಬು ತಾವೇ ತರುತ್ತಿದ್ದರು. "ಅದಕ್ಕೇನು ಬ್ಯಾಸರ ಇಲ್ರೀ. ಮಂದಿ ಮನೆ ಬಿಟ್ಟು ಬಂದಿರ್ತಾರೆ, ಮನೆಯ ರೂಢಿ ಬಿಟ್ಟು ಬರಾಕೆ ಆಗ್ತೈತಾ? ಎರಡು ದಿನ ಆದ್ಮೇಲೆ ಎಲ್ಲಾ ನನ್ನ ಕೊಡಾನೇ ಹುಡುಕ್ತಿದ್ರು," ಎಂದು ತಾಜ್‌ಬೀ ನಗುತ್ತಾರೆ. ನನಗೆ ನಗು ಬರಲಿಲ್ಲ. ಆರು ವರ್ಷದ ಹಿಂದೆ ಬುಡನ್‌ಸಾಬರು ಕಾಮಾಲೆಯಿಂದ ತೀರಿಕೊಂಡರು. ತಾಜ್‌ಬೀ ನಲವತ್ತು ದಿನ ಕಳೆದು, ಅದೇ ತಾಟು, ಅದೇ ಗಳ ಹಿಡಿದು ಮತ್ತೆ ಬಸ್ಸು ಹತ್ತಿದರು.

ಕಳೆದ ವರ್ಷ, ಅಂದರೆ ಎಂಬತ್ತೈದರ ಬೇಸಿಗೆಯ ಹೊತ್ತಿಗೆ, ಹೊಸ ವೀಡಿಯೋ ಬಸ್ಸು ಬಂತು. ಮಾಲೀಕ ಮಹೇಶ್ವರಪ್ಪನವರು ತಾಜ್‌ಬೀಯನ್ನು ಕರೆಸಿ, ಇನ್ನು ಬರುವುದು ಬೇಡ ಎಂದರು. ಹೊಸ ಬಸ್ಸಿನ ಮೇಲೆ ಬಿದಿರಿನ ಗಳ ಕಟ್ಟಿದರೆ ಅಸಹ್ಯ ಕಾಣುತ್ತದಂತೆ. ಅವರದೇ ಮಾತು: "ಚಟ್ಟ ಹೊತ್ಕೊಂಡು ಹೊಂಟಂಗೆ ಕಾಣ್ತೈತಮ್ಮಾ. ಲಕ್ಷುರಿ ಅಂತ ಬರೆಸೀವಿ, ಮೇಲೆ ನೋಡಿದ್ರೆ ಬಿದಿರು! ಈಗೆಲ್ಲಾ ಲಾಡ್ಜಿನಾಗೆ ಅಟ್ಯಾಚ್ ಬಾತ್‌ರೂಮ್ ಐತೆ." ಲಾಡ್ಜಿನಲ್ಲಿ ಇದೆ, ಸರಿ. ಒಂದು ಲಾಡ್ಜಿನಿಂದ ಇನ್ನೊಂದಕ್ಕೆ ಇಡೀ ಹಗಲಿನ ದಾರಿ. ಆ ಹಗಲಲ್ಲಿ ಹೆಂಗಸರು ಏನು ಮಾಡಬೇಕೆಂದು ಮಹೇಶ್ವರಪ್ಪನವರನ್ನು ಯಾರು ಕೇಳಬೇಕು?

ಕೇಳಲು ಹೋದವರಿದ್ದರು. ಮುಂಚೆ ತಾಜ್‌ಬೀ ಜೊತೆ ಹೋಗಿಬಂದಿದ್ದ ನಾಲ್ಕೈದು ಹೆಂಗಸರು ಮಾಲೀಕರ ಮನೆಗೇ ಹೋದರು. ಅರಿಶಿನ ಕುಂಕುಮ ಆಯಿತು, ಕಾಫಿ ಆಯಿತು. ಮಹೇಶ್ವರಪ್ಪನವರು ಎದುರಿಗೆ ಬಂದು ಕೂತರು. ಆಗ ಎಲ್ಲರ ನಾಲಗೆಯೂ ಬಿದ್ದುಹೋಯಿತು. ಗಂಡಸಿನ ಮುಂದೆ ಆ ಮಾತು ಆಡುವುದು ಹೇಗೆ? ಕೊನೆಗೆ ಒಬ್ಬರು, "ತಾಜ್‌ಬೀ ಇದ್ರೆ ಚೆನ್ನಾಗಿರ್ತಿತ್ತು ಕಣ್ರೀ. ಆಕೆ ಮಾಡೋ ಚಾ ಭಾಳ ರುಚಿ," ಎಂದರು. ಉಳಿದವರು ಹೌದು ಹೌದು, ಚಾ, ಚಾ, ಎಂದು ತಲೆಯಾಡಿಸಿದರು.

ಮಹೇಶ್ವರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ನೀವು ಆಕೆ ಕೈಯಾಗಿನ ಚಾ ಕುಡಿದಿದ್ದು ಯಾವಾಗ್ರಮ್ಮಾ? ಚಿಂತೆ ಬ್ಯಾಡ, ಈ ಸಲ ನಮ್ಮವನೇ ಅಡುಗೆಯವನು ಬರ್ತಾನೆ, ಬೇಕಾದಷ್ಟು ಚಾ ಕುಡೀರಿ." ಅಲ್ಲಿಗೆ ಮಾತು ಮುಗಿಯಿತು. ಹತ್ತು ವರ್ಷ ಒಬ್ಬ ಹೆಂಗಸು ಮಾಡಿದ ಕೆಲಸವನ್ನು ಬಾಯಿಬಿಟ್ಟು ಹೇಳಲು ನಾಚಿದ್ದರಿಂದ ಆಕೆಯ ಕೆಲಸ ಹೋಯಿತು. ತಾಜ್‌ಬೀ ನ್ಯಾಮತಿಯಲ್ಲಿ ಕಂಡವರ ಹೊಲದ ಕಳೆ ಕೀಳಲು ಹೋದರು.

ಆ ಬೇಸಿಗೆಯ ಪ್ರವಾಸದಲ್ಲಿ ಒಂದು ವಿಚಿತ್ರ ನಡೆಯಿತು. ಬಸ್ಸು ಹೊರಟ ಮಾರನೇ ದಿನ ಸೋಮವಾರ. ಹೆಂಗಸರೆಲ್ಲ ಶಿವನಿಗೆ ಉಪವಾಸ ಎಂದರು, ನೀರು ಕೂಡ ಮುಟ್ಟುವುದಿಲ್ಲ ಎಂದರು. ಸರಿ. ಮಂಗಳವಾರ ಅಮ್ಮನಿಗೆ ಉಪವಾಸ. ಗುರುವಾರ ಗುರುಗಳಿಗೆ. ಶುಕ್ರವಾರ ಲಕ್ಷ್ಮಿಗೆ. ಯಾವ ದೇವರೂ ಇಲ್ಲದ ದಿನ ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಕ್ಷೇಮಕ್ಕೆ. ಗಂಡಂದಿರು ಹಿರಿಹಿರಿ ಹಿಗ್ಗಿದರು. ನಲ್ಲೂರಿನ ತೋಟದವರು ಷಣ್ಮುಖಪ್ಪ ಹಿಂದಿನ ಸೀಟಿನವರಿಗೆ, "ನಮ್ಮ ಮನೆಯವ್ಳಿಗೆ ಟೂರಿಗೆ ಬಂದ್ಮೇಲೆ ಭಕ್ತಿ ಜಾಸ್ತಿ ಆಗೈತೆ ನೋಡ್ರಿ," ಎಂದು ಹೇಳಿಕೊಂಡರು. ಬಾದಾಮಿ ಹಾಲು ಗಂಡಸರಿಗೆ ಎರಡೆರಡು ಲೋಟ ಸಿಕ್ಕಿತು. ಒಬ್ಬರಾದರೂ, ಒಬ್ಬೇ ಒಬ್ಬ ಗಂಡನಾದರೂ, ಮೇ ತಿಂಗಳ ಬಿಸಿಲಲ್ಲಿ ಇಪ್ಪತ್ತು ಚಿಲ್ಲರೆ ಹೆಂಗಸರಿಗೆ ಒಟ್ಟಿಗೇ ಈ ಭಕ್ತಿ ಯಾಕೆ ಹತ್ತಿತು ಎಂದು ಕೇಳಲಿಲ್ಲ.

ಭಕ್ತಿ ಹೆಚ್ಚಾಗಿದ್ದ ಆ ಮನೆಯವರ ಹೆಸರು ಸರ್ವಮಂಗಳಮ್ಮ. ಆಗ್ರಾದಲ್ಲಿ ಕೋಟೆಯ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು, ಕಿಬ್ಬೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು, ನೀರು ಕುಡಿದು ಎಷ್ಟು ದಿನವಾಯಿತು ಎಂದು ಕೇಳಿದ್ದಕ್ಕೆ ಷಣ್ಮುಖಪ್ಪ ಹರಕು ಮುರುಕು ಹಿಂದಿಯಲ್ಲಿ, ಹೆಮ್ಮೆಯಿಂದ, "ವ್ರತ್ ಹೈ," ಎಂದರಂತೆ. ಮೂತ್ರನಾಳಕ್ಕೆ ಸೋಂಕು ತಗುಲಿ ಮೂತ್ರಪಿಂಡದವರೆಗೆ ಏರಿತ್ತು. ಉಳಿದವರು ತಾಜಮಹಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡ ದಿನ ಸರ್ವಮಂಗಳಮ್ಮ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು. ಊರಿಗೆ ಬಂದ ಮೇಲೆ ಬಂಧುಬಳಗಕ್ಕೆಲ್ಲ ಒಂದೇ ಸುದ್ದಿ: ಆ ಕಡೆಯ ಬಿಸಿಲು ತಡೆಯಲಿಲ್ಲ.

ಈ ವರ್ಷ ದಸರಾ ರಜೆಯ ಪ್ರವಾಸಕ್ಕೆ ಬುಕಿಂಗ್ ಶುರುವಾದಾಗ, ಹೆಂಡತಿ ತಾಜಮಹಲು ನೋಡಲಿಲ್ಲವೆಂದು ಷಣ್ಮುಖಪ್ಪ ಆಕೆಯನ್ನು ಕರೆದುಕೊಂಡು ಚನ್ನಗಿರಿಯ ಆಫೀಸಿಗೆ ಬಂದರು. ಒಳ್ಳೆಯ ಮನುಷ್ಯ, ಇಲ್ಲವೆನ್ನುವುದಿಲ್ಲ. ವೀಡಿಯೋ ಬಸ್ಸಿನ ಬಗ್ಗೆ ವಿಚಾರಿಸಲು ಹೋಗಿದ್ದ ನಾನೂ ಅಲ್ಲಿಯೇ ಕೂತಿದ್ದೆ. ಹೊನ್ನಾಳಿಯಿಂದ ಬಂದ ಒಂದೆರಡು ಸಂಸಾರಗಳಿದ್ದವು. ಮಹೇಶ್ವರಪ್ಪ ಸೀಟಿನ ನಕ್ಷೆ ಬಿಡಿಸಿ ಕಿಟಕಿ ಪಕ್ಕದ ಸೀಟು ತೋರಿಸುತ್ತಿದ್ದರು. ಸರ್ವಮಂಗಳಮ್ಮ ನಕ್ಷೆ ನೋಡಲಿಲ್ಲ.

"ತಾಜ್‌ಬೀ ಬರ್ತಾಳೇನ್ರಿ?" ಎಂದರು.

"ಯಾಕಮ್ಮಾ, ಚಾ ಕುಡಿಯಾಕಾ?" ಮಹೇಶ್ವರಪ್ಪ ಹಳೆಯ ತಮಾಷೆ ನೆನೆದು ನಕ್ಕರು.

"ಅಲ್ರೀ. ಉಚ್ಚೆ ಹೊಯ್ಯಾಕೆ."

ಷಣ್ಮುಖಪ್ಪ ಹೆಂಡತಿಯ ಸೆರಗು ಎಳೆದು, "ಏ, ಸುಮ್ನಿರೆ. ಜನ ಅದಾರೆ," ಎಂದು ಪಿಸುಗುಟ್ಟಿದರು.

"ಜನ ಅದಾರೆ ಅಂತಾನೇ ಹೇಳ್ತಿರೋದು," ಎಂದರು ಸರ್ವಮಂಗಳಮ್ಮ. "ನೀವು ಬಸ್ಸು ನಿಂತಲ್ಲೆಲ್ಲ ಇಳಿದು ಹೊಯ್ತೀರಿ. ನಾವೆಲ್ಲಿ ಹೋಗಾನ? ಹ್ವಾದ ಸಲ ನಾನು ಬಿಸ್ಲಿಗೆ ಬೀಳ್ಲಿಲ್ಲ, ವ್ರತಾನೂ ಮಾಡಿರ್ಲಿಲ್ಲ. ಕಟ್ಕೊಂಡು ಕಟ್ಕೊಂಡು ಬಿದ್ದೆ. ಬಸ್ಸಿನಾಗಿದ್ದ ಹೆಣ್ಣುಮಕ್ಳೆಲ್ಲ ಹಂಗೇ ಇದ್ರು, ನಾನು ಬಿದ್ದೆ, ಅವ್ರು ಬೀಳ್ಲಿಲ್ಲ, ಅಷ್ಟೇ. ತಾಜ್‌ಬೀ ಬಂದ್ರೆ ನನ್ನ ಸೀಟು ಬರ್ಕೊಳ್ರಿ. ಇಲ್ದಿದ್ರೆ ನಿಮ್ಮ ತಾಜಮಹಲು ನೀವೇ ನೋಡ್ರಿ."

ಬೆಂಚಿನ ಮೇಲಿದ್ದ ಹೊನ್ನಾಳಿಯ ಹೆಂಗಸೊಬ್ಬರು ತಲೆ ತಗ್ಗಿಸಿಕೊಂಡೇ, "ನಮ್ದೂ ಅದೇ ಮಾತು," ಎಂದರು. ಪಕ್ಕದವರೂ ಹೂಂಗುಟ್ಟಿದರು. ಮಹೇಶ್ವರಪ್ಪ ಕೆಂಪಗಾಗಿ, ನಕ್ಷೆ ಮಡಿಸಿ, "ಇದನ್ನ ಮೊದ್ಲೇ ಹೇಳೋದಲ್ವೇನ್ರಮ್ಮಾ," ಎಂದರು. ಮೊದಲೇ ಹೇಳಬೇಕಿತ್ತಂತೆ! ಊಟಕ್ಕೆ ಎಲ್ಲಿ ನಿಲ್ಲಿಸಬೇಕು, ಯಾರಿಗೆ ಈರುಳ್ಳಿ ಆಗುವುದಿಲ್ಲ, ಯಾರಿಗೆ ಇಸ್ಪೀಟಿಗೆ ಜೊತೆ ಬೇಕು, ಇವೆಲ್ಲ ಯಾರೂ ಹೇಳದೆಯೇ ಗೊತ್ತಾಗುವ ಮನುಷ್ಯನಿಗೆ ಹೆಂಗಸರಿಗೂ ಮೈ ಇದೆ ಎಂಬುದನ್ನು ಒಬ್ಬ ಹೆಂಗಸು ಮಾನ ಬಿಟ್ಟು ಬಂದು ಹೇಳಬೇಕಾಯಿತು. ಅದರಲ್ಲಿ ತಪ್ಪೂ ಅವಳದೇ.

ಹೀಗೆ ತಾಜ್‌ಬೀ ಮತ್ತೆ ಬಸ್ಸಿಗೆ ಬಂದಿದ್ದಾರೆ. ಸೀಟು ಕೊಟ್ಟಿಲ್ಲ. ಹಿಂದಿನ ಬಾಗಿಲ ಬಳಿ, ಹೆಚ್ಚುವರಿ ಟೈರಿನ ಮೇಲೆ ಕಂಬಳಿ ಹಾಸಿಕೊಂಡು ಕೂರುತ್ತಾರೆ. ಮಲಗುವುದೂ ಅಲ್ಲೇ. ನಾನು ಮಹೇಶ್ವರಪ್ಪನವರನ್ನು ಕೇಳಿದರೆ, "ಮುಂದಿನ ಟ್ರಿಪ್ಪಿಗೆ ನೋಡಾನ" ಎನ್ನುತ್ತಾರೆ. ನೋಡುತ್ತಾರೋ ಇಲ್ಲವೋ, ನಾನಂತೂ ಕೇಳುತ್ತಲೇ ಇರುತ್ತೇನೆ.

ಬಿಜಾಪುರದಲ್ಲಿ ಎಲ್ಲರೂ ಗೋಲಗುಮ್ಮಟ ನೋಡಲು ಹೋದಾಗ ತಾಜ್‌ಬೀ ಬಸ್ಸು ನಿಂತ ಕಡೆಯ ನಲ್ಲಿಯಲ್ಲಿ ತಾಟು ತೊಳೆದು ಬಿಸಿಲಿಗೆ ಹರಡುತ್ತಿದ್ದಾರೆ. ನಾನು ಪಕ್ಕದಲ್ಲಿ ಕೂರುತ್ತೇನೆ. ನೀವು ಇದನ್ನೆಲ್ಲ ನೋಡಿಲ್ಲವೇ ಎಂದು ಕೇಳಿದರೆ, ಎಲ್ಲ ನೋಡಿದ್ದಾರೆ. "ಹಂಪಿಯಾಗೆ ರಾಣೀರ ಸ್ನಾನದ ಮನೆ ತೋರಿಸ್ತಾರಲ್ಲ, ಅದು ನನಗೆ ಭಾಳ ಇಷ್ಟ ಕಣ್ರೀ. ಸುತ್ತ ಎಷ್ಟು ಚೆಂದ ಗ್ವಾಡೆ ಕಟ್ಯಾರೆ. ನಮ್ಮೋರು ಅದನ್ನ ನೋಡಿ, ಆಹಾ ಅಂದು, ಹೊರಗೆ ಬಂದು ನನ್ನ ತಾಟಿನ ಹಿಂದೆ ಕೂರ್ತಾರೆ." ಒಂದು ಊರಿನ ಕೋಟೆಯ ಹತ್ತಿರ ಹೆಂಗಸರಿಗೆಂದೇ ಕಟ್ಟಿಸಿದ ಕೋಣೆ ಇದೆಯಂತೆ, ಅದಕ್ಕೆ ದೊಡ್ಡ ಬೀಗ ಹಾಕಿದೆಯಂತೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ವರ್ಷ ವರ್ಷವೂ ಕೇಳುತ್ತಾರಂತೆ, ವರ್ಷ ವರ್ಷವೂ ಸಾಹೇಬರು ಊರಲ್ಲಿಲ್ಲವಂತೆ. ಬೀಗದ ಪಕ್ಕದಲ್ಲೇ ಗಳ ನೆಡುತ್ತಾರಂತೆ.

ನಿಮ್ಮ ಹೆಸರು ಹಾಕಿ ಬರೆಯಲೇ, ಎಂದು ಕೇಳುತ್ತೇನೆ. ತಾಜ್‌ಬೀ ಕೈ ನಿಲ್ಲಿಸುತ್ತಾರೆ. ಒಬ್ಬಳೇ ಮಗಳು ಹೊನ್ನಾಳಿಯಲ್ಲಿದ್ದಾಳೆ. ಅಳಿಯ ರಸೂಲನದು ಟೈಲರ್ ಅಂಗಡಿ, ಭಾನುವಾರದ ಪೇಪರು ಅಂಗಡಿಗೆ ಬರುತ್ತದೆ. ಅತ್ತೆ ಬಸ್ಸಿನಲ್ಲಿ ಈರುಳ್ಳಿ ಹೆಚ್ಚುತ್ತಾಳೆ ಎಂದೇ ಅವನೂ ಅವನ ಮನೆಯವರೂ ತಿಳಿದಿದ್ದಾರೆ. ಮಗಳ ನಿಕಾಹ್ ಮಾತುಕತೆಯ ಹೊತ್ತಿನಲ್ಲಿ ಬುಡನ್‌ಸಾಬರು ಹಾಗೆ ಹೇಳಿದ್ದು, ಈವರೆಗೂ ಹಾಗೇ ನಡೆದುಕೊಂಡು ಬಂದಿದೆ. ಬೇಡವೆಂದರೆ ಹೆಸರು ಬದಲಿಸಿ ಬರೆಯುತ್ತೇನೆ ಎನ್ನುತ್ತೇನೆ. ಅವರು ತಾಟಿನ ಇನ್ನೊಂದು ತುದಿ ಎಳೆದು ಕಲ್ಲು ಇಡುತ್ತಾರೆ. ಗುಮ್ಮಟದ ಕಡೆಯಿಂದ ನಮ್ಮ ಬಸ್ಸಿನ ಹೆಂಗಸರು ಬರುತ್ತಿದ್ದಾರೆ. ಸರ್ವಮಂಗಳಮ್ಮ ನಡೆಯುತ್ತಾ ಬಾಟಲಿ ಎತ್ತಿ ಗಟಗಟನೆ ನೀರು ಕುಡಿಯುತ್ತಿದ್ದಾರೆ. ತಾಜ್‌ಬೀ ಅದನ್ನು ಕಣ್ತುಂಬ ನೋಡುತ್ತಾರೆ.

"ಅಷ್ಟು ಜನ ಗಂಡಸ್ರ ಮುಂದೆ ಆಯಮ್ಮ ಆ ಮಾತು ಆಡಿದ್ರು. ನಾನು ಒಬ್ಬ ಅಳಿಯನಿಗೆ ಹೆದರ್ಲಾ?" ಎನ್ನುತ್ತಾರೆ. "ಬರೀರಿ. ತಾಜ್‌ಬೀ ಅಂತಾನೇ ಬರೀರಿ, ನ್ಯಾಮತಿ ಬುಡನ್‌ಸಾಬನ ಹೆಂಡ್ತಿ ಅಂತ ಬರೀರಿ. ಬಸ್ಸಿನಾಗೆ ಹೋಗೋ ಹೆಣ್ಣುಮಕ್ಳು ಉಚ್ಚೆ ಹೊಯ್ಯಾಕೆ ಕೂತಾಗ ಮರೆ ಹಿಡಿದು ನಿಲ್ತಾಳೆ, ಅದೇ ಆಕಿ ಕೆಲಸ ಅಂತ ಬರೀರಿ."